ಚುಕ್ಕೆ ಇಟ್ಟ ಕೈ ಕಾಣಬೇಕು

ಜರ್ಮನಿಯ ಸಾರ್‌ಬ್ರುಕೆನ್ ಊರಿನಲ್ಲಿ ಈಸ್ಟರ್ ರಜೆ ಬಂತೆಂದರೆ ‘ರಿವಿಷನ್’ ಕೂಟ. 2011ರಿಂದ ನಡೆದುಕೊಂಡು ಬಂದಿದೆ. ಕೊರೊನಾ ಕಾಲದಲ್ಲಷ್ಟೇ ಆನ್‌ಲೈನಿಗೆ ಸರಿದಿತ್ತು. ಯುರೋಪಿನ ಮೂಲೆಮೂಲೆಯಿಂದ ಬರುವ ಜನ ನಲವತ್ತು ವರ್ಷ ಹಳೆಯ ಕಂಪ್ಯೂಟರುಗಳನ್ನೂ ಭಾರದ ಟ್ಯೂಬ್ ಮಾನಿಟರುಗಳನ್ನೂ ಹೊತ್ತು ತರುತ್ತಾರೆ. ದಿನವಿಡೀ ಸ್ಪರ್ಧೆಗಳು. ಅವಕ್ಕೆ ಇವರ ಬಾಯಲ್ಲಿ ‘ಕಾಂಪೊ’ ಎಂದು ಹೆಸರು. ಚಿತ್ರಗಳ ಕಾಂಪೊ ಶುರುವಾದಾಗ ದೀಪ ಆರುತ್ತದೆ, ದೊಡ್ಡ ಪರದೆಯ ಮೇಲೆ ಒಂದೊಂದೇ ಚಿತ್ರ ಬರುತ್ತದೆ. ಸಭೆಯಿಂದ ಯಾರಾದರೂ ‘ಅಮಿಗಾ!’ ಎಂದು ತಮ್ಮ ಪ್ರೀತಿಯ ಹಳೆಯ ಕಂಪ್ಯೂಟರಿನ ಹೆಸರು ಕೂಗುವುದು ಇಲ್ಲಿನ ವಾಡಿಕೆ. ಚಿತ್ರ ತೋರಿಸಿ ಅಷ್ಟಕ್ಕೇ ಬಿಡುವುದಿಲ್ಲ. ಅದು ಹುಟ್ಟಿದ ಬಗೆಯನ್ನೂ ತೋರಿಸುತ್ತಾರೆ. ಮೊದಲು ಬರೀ ಗೆರೆ, ಆಮೇಲೆ ಚಪ್ಪಟೆ ಬಣ್ಣ, ಆಮೇಲೆ ನೆರಳು, ಕಟ್ಟಕಡೆಗೆ ಕಣ್ಣಿನ ಹೊಳಪಿನ ಒಂದು ಬಿಳಿ ಚುಕ್ಕೆ. ಮುಗಿದ ಚಿತ್ರ ಕಂಡಾಗ ಬಿದ್ದಷ್ಟೇ ಚಪ್ಪಾಳೆ ಈ ಹಂತಗಳು ಒಂದರ ಮೇಲೊಂದು ಏರುವಾಗಲೂ ಬೀಳುತ್ತದೆ.

ಈ ಬಳಗಕ್ಕೆ ಡೆಮೊಸೀನ್ ಎಂದು ಹೆಸರು. ಹುಟ್ಟಿದ್ದು 1980ರ ದಶಕದ ಯುರೋಪಿನಲ್ಲಿ, ಕೊಂಚ ಕಳ್ಳದಾರಿಯಲ್ಲೇ. ಆಗ ಕಂಪ್ಯೂಟರ್ ಆಟಗಳ ನಕಲು ತಡೆಯುವ ಬೀಗ ಒಡೆದು ಹಂಚುತ್ತಿದ್ದ ಹುಡುಗರ ಗುಂಪುಗಳಿದ್ದವು. ಬೀಗ ಒಡೆದವರು ಯಾರೆಂದು ಸಾರುವುದಕ್ಕೆ ಆಟದ ಮುಂದೆ ತಮ್ಮದೇ ಒಂದು ಪುಟ್ಟ ದೃಶ್ಯ ಸೇರಿಸುತ್ತಿದ್ದರು: ಓಡುವ ಅಕ್ಷರ, ಸಂಗೀತ, ಗುಂಪಿನ ಹೆಸರಿನ ಅಲಂಕಾರದ ಲೋಗೊ. ಬರಬರುತ್ತ ಆಟವೇ ಹಿಂದೆ ಬಿದ್ದು ಈ ದೃಶ್ಯಗಳೇ ಮುಖ್ಯವಾದವು. ಪ್ರೋಗ್ರಾಂ ಬರೆಯುವವರು, ಸಂಗೀತ ಕಟ್ಟುವವರು, ಚಿತ್ರ ಬರೆಯುವವರು ಸೇರಿ ನೋಡುವುದಕ್ಕೆಂದೇ ‘ಡೆಮೊ’ಗಳನ್ನು ಮಾಡತೊಡಗಿದರು. ಡೆನ್ಮಾರ್ಕಿನಲ್ಲಿ 1991ರಲ್ಲಿ ‘ದಿ ಪಾರ್ಟಿ’, ಫಿನ್‌ಲ್ಯಾಂಡಿನಲ್ಲಿ 1992ರಲ್ಲಿ ‘ಅಸೆಂಬ್ಲಿ’ ಎಂಬ ದೊಡ್ಡ ಕೂಟಗಳು ಆರಂಭವಾದವು. ಫ್ಯೂಚರ್ ಕ್ರೂ ಎಂಬ ಫಿನ್ನಿಷ್ ಗುಂಪು 1993ರ ಅಸೆಂಬ್ಲಿಯಲ್ಲಿ ತೋರಿಸಿದ ‘ಸೆಕೆಂಡ್ ರಿಯಾಲಿಟಿ’ ಡೆಮೊವನ್ನು ಇವತ್ತಿಗೂ ಜನ ನೆನೆಯುತ್ತಾರೆ. ಆ ಗುಂಪಿನವರು ಸೇರಿ 1995ರಲ್ಲಿ ಕಟ್ಟಿದ ರೆಮಿಡಿ ಕಂಪನಿ ಈಗ ಆಟಗಳ ಲೋಕದಲ್ಲಿ ಹೆಸರುವಾಸಿ. ಕಂಪನಿ ಕಟ್ಟಿದವರು ಬೆರಳೆಣಿಕೆಯವರು. ಉಳಿದವರಲ್ಲಿ ಬಹಳ ಮಂದಿ ಹಗಲು ತಮ್ಮ ತಮ್ಮ ನೌಕರಿ ಮಾಡಿಕೊಂಡು ರಾತ್ರಿ ಚುಕ್ಕೆ ಇಡುವ ಹವ್ಯಾಸಿಗಳಾಗಿಯೇ ಉಳಿದರು. ಫಿನ್‌ಲ್ಯಾಂಡ್ 2020ರಲ್ಲಿ, ಜರ್ಮನಿ 2021ರಲ್ಲಿ ಡೆಮೊಸೀನನ್ನು ತಮ್ಮ ದೇಶದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡವು. ಹಾಡು, ಕುಣಿತ, ಅಡುಗೆ, ಕಸುಬುಗಳ ಜೊತೆಗೆ ಕಂಪ್ಯೂಟರಿನ ಕಲೆಗೂ ಜಾಗ ಸಿಕ್ಕಿತು.

ಡೆಮೊಸೀನಿನ ಪ್ರೋಗ್ರಾಮರುಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನನ್ನ ಆಸೆ ಅಲ್ಲಿ ಚಿತ್ರ ಬರೆಯುವವರ ಕೈಗೆಲಸವನ್ನು ಸಾವಕಾಶವಾಗಿ ಪರಿಚಯಿಸುವುದು. ಅದರಲ್ಲೂ ಒಂದೇ ಯಂತ್ರವನ್ನು ಹಿಡಿದುಕೊಂಡು ಹೇಳುತ್ತೇನೆ: 1982ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಕೊಮೊಡೋರ್ 64.

ಈ ಯಂತ್ರ ಟಿವಿ ಪರದೆಯ ಮೇಲೆ ಬಣ್ಣದ ಚಿತ್ರ ಮೂಡಿಸುವಾಗ ಹೆಚ್ಚಾಗಿ ಬಳಸುವ ವಿಧಾನದಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 200 ಚುಕ್ಕೆ. ಒಟ್ಟು 32,000. ಚುಕ್ಕೆಗಳೂ ಚೌಕವಲ್ಲ, ಎತ್ತರದ ಎರಡರಷ್ಟು ಅಗಲ. ಬಣ್ಣ ಹದಿನಾರೇ, ಅವೂ ಚಿಪ್ಪಿನೊಳಗೆ ಹುಟ್ಟಿನಿಂದ ನಿಗದಿಯಾದವು. ಕಪ್ಪು, ಬಿಳಿ, ಕೆಂಪು, ತಿಳಿನೀಲಿ-ಹಸಿರು, ನೇರಳೆ, ಹಸಿರು, ನೀಲಿ, ಹಳದಿ, ಕಿತ್ತಳೆ, ಕಂದು, ತಿಳಿಗೆಂಪು, ಮೂರು ಬಗೆಯ ಬೂದು, ತಿಳಿಹಸಿರು, ತಿಳಿನೀಲಿ. ಹದಿನೇಳನೆಯದು ಬೇಕೆಂದರೆ ಇಲ್ಲ. ಇನ್ನೊಂದು ಹೆಚ್ಚು ಗಾಢ ಹಸಿರು ಬೇಕೆಂದರೂ ಇಲ್ಲ.

ಇಷ್ಟಾದರೂ ಸಹಿಸಬಹುದಿತ್ತು. ನಿಜವಾದ ಕಷ್ಟ ಮುಂದಿದೆ. ಪರದೆಯನ್ನು ಈ ಯಂತ್ರ ಸಾವಿರ ಮನೆಗಳಾಗಿ ಹಂಚಿಕೊಂಡಿದೆ: ಅಡ್ಡಕ್ಕೆ 40, ಉದ್ದಕ್ಕೆ 25. ಒಂದೊಂದು ಮನೆಯಲ್ಲಿ ಅಡ್ಡಕ್ಕೆ 4, ಉದ್ದಕ್ಕೆ 8 ಚುಕ್ಕೆ. ಆ 32 ಚುಕ್ಕೆಗಳ ಒಳಗೆ ನಾಲ್ಕು ಬಣ್ಣಕ್ಕಿಂತ ಹೆಚ್ಚು ಕೂಡದು. ಆ ನಾಲ್ಕರಲ್ಲೂ ಒಂದು ಇಡೀ ಚಿತ್ರಕ್ಕೆಲ್ಲ ಸಾಮಾನ್ಯವಾದ ಹಿನ್ನೆಲೆ ಬಣ್ಣ. ಹೀಗಾಗಿ ಮನೆಗೆ ಸ್ವಂತಕ್ಕೆ ಸಿಗುವುದು ಮೂರು. ಮುಖ ಬರೆಯುತ್ತಿದ್ದೀರಿ ಎನ್ನಿ. ಕೆನ್ನೆ, ಕೆನ್ನೆಯ ನೆರಳು, ಕಿವಿಯೋಲೆ, ಹಿಂದಿನ ಕೂದಲು, ಅದರಾಚೆಯ ಆಕಾಶ ಎಲ್ಲ ಒಂದೇ ಮನೆಯೊಳಗೆ ಬಂದು ಸೇರಿದರೆ ಬಣ್ಣ ಐದಾಗುತ್ತದೆ. ಯಂತ್ರ ಒಪ್ಪುವುದಿಲ್ಲ. ಆಗ ಓಲೆಯನ್ನು ಎರಡು ಚುಕ್ಕೆ ಎಡಕ್ಕೆ ಸರಿಸಬೇಕು, ಇಲ್ಲವೇ ಕೂದಲ ಒಂದು ಎಳೆಯನ್ನು ಇಳಿಬಿಟ್ಟು ಆಕಾಶವನ್ನು ಆ ಮನೆಯಿಂದ ಹೊರಗೆ ತಳ್ಳಬೇಕು. ಇಂಥ ಚಿತ್ರ ನೋಡುವಾಗ ಹಣೆಯ ಮೇಲೆ ಚೆಂದವಾಗಿ ಇಳಿದ ಒಂದು ಕುರುಳು ಕಂಡರೆ, ಅದು ಅಲ್ಲಿರುವುದಕ್ಕೆ ಚೆಂದದ ಜೊತೆ ಲೆಕ್ಕವೂ ಕಾರಣವಾಗಿರಬಹುದು. ನೋಡುವವರಿಗೆ ಲೆಕ್ಕ ಕಾಣಬಾರದು, ಕುರುಳಷ್ಟೇ ಕಾಣಬೇಕು. ಅದು ಗೆಲುವು.

ಧಾರವಾಡದ ಕಡೆಯ ಕಸೂತಿ ಬಲ್ಲವರಿಗೆ ಈ ಮಾತು ಬೇಗ ಹಿಡಿಸೀತು. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಎಳೆ ಎಣಿಸುತ್ತ ಎಣಿಸುತ್ತಲೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡಬೇಕು. ಬಟ್ಟೆಯ ಎಳೆ ಬಿಟ್ಟುಕೊಡದ ಕಡೆಗೆ ಸೂಜಿ ಹೋಗುವುದಿಲ್ಲ. ಗೋಪುರ ಮೆಟ್ಟಿಲು ಮೆಟ್ಟಿಲಾಗಿ ಏರುವುದು ಅದಕ್ಕೇ, ಆ ಮೆಟ್ಟಿಲೇ ಅದರ ಸೊಗಸೂ ಹೌದು.

ಹದಿನಾರು ಬಣ್ಣಗಳ ವಿಷಯಕ್ಕೆ ಮತ್ತೆ ಬರುತ್ತೇನೆ. ಈ ಕಲೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಬೆರಗುಗೊಳಿಸಿದ್ದು ಅಲ್ಲಿದೆ. ಕೊಮೊಡೋರಿನ ಚಿತ್ರ ಮೂಡಿಸುವ ಚಿಪ್ಪು ಪ್ರತಿ ಬಣ್ಣಕ್ಕೂ ಒಂದು ಪ್ರಖರತೆ ಗೊತ್ತುಮಾಡಿದೆ. ಬಣ್ಣವನ್ನೆಲ್ಲ ತೆಗೆದು ಕಪ್ಪು-ಬಿಳುಪು ಟಿವಿಯಲ್ಲಿ ನೋಡಿದರೆ ಉಳಿಯುವ ಬೆಳಕಿನ ಪ್ರಮಾಣವೇ ಪ್ರಖರತೆ. ಚಿಪ್ಪಿನ ಮೊದಲ ಆವೃತ್ತಿಯಲ್ಲಿ ಐದೇ ಮಟ್ಟಗಳಿದ್ದವು, ಮುಂದಿನ ಆವೃತ್ತಿಗಳಲ್ಲಿ ಒಂಬತ್ತಾದವು. ಒಂಬತ್ತರ ಆವೃತ್ತಿಯಲ್ಲಿ ಕಪ್ಪು ಒಂದು ತುದಿ, ಬಿಳಿ ಇನ್ನೊಂದು ತುದಿ. ನಡುವಿನ ಏಳು ಮಟ್ಟಗಳಲ್ಲಿ ಉಳಿದ ಹದಿನಾಲ್ಕು ಬಣ್ಣಗಳು ಜೋಡಿಜೋಡಿಯಾಗಿ ಕೂತಿವೆ. ನೀಲಿಗೂ ಕಂದಿಗೂ ಒಂದೇ ಪ್ರಖರತೆ. ಕೆಂಪಿಗೂ ಗಾಢ ಬೂದಿಗೂ ಒಂದೇ. ನೇರಳೆ-ಕಿತ್ತಳೆ ಒಂದು ಜೋಡಿ, ನಡುಬೂದು-ತಿಳಿನೀಲಿ ಒಂದು ಜೋಡಿ, ಹಸಿರು-ತಿಳಿಗೆಂಪು ಇನ್ನೊಂದು.

ಇದರಿಂದ ಏನು ಪ್ರಯೋಜನ? ಮುಖದ ನೆರಳಿನ ಭಾಗ ಕಂದಿನಲ್ಲಿದೆ ಎನ್ನಿ. ಹಿಂದೆ ಬೆಳದಿಂಗಳಿದೆ ಅನ್ನಿಸಬೇಕಾದರೆ ಆ ಕಂದಿನ ಜಾಗಕ್ಕೆ ನೀಲಿ ತುಂಬಬಹುದು. ನೆರಳಿನ ಆಳ ಒಂದಿಷ್ಟೂ ಬದಲಾಗುವುದಿಲ್ಲ, ಮೂಗು ಮೂಗಿನ ಜಾಗದಲ್ಲೇ, ಗಲ್ಲ ಗಲ್ಲದ ಜಾಗದಲ್ಲೇ ಉಳಿಯುತ್ತದೆ, ಆದರೆ ಮುಖದ ಮೇಲೆ ಬಿದ್ದ ಬೆಳಕೇ ಬೇರೆಯಾಗುತ್ತದೆ. ಕೆನ್ನೆ ತಿಳಿಗೆಂಪಿನಲ್ಲಿದ್ದು ಪಕ್ಕದಲ್ಲಿ ಮರವಿದ್ದರೆ ನಾಲ್ಕು ಚುಕ್ಕೆ ಹಸಿರು ಸೇರಿಸಿ ಎಲೆಯ ನೆರಳು ಬೀಳಿಸಬಹುದು. ಹಸಿರು ಕೆನ್ನೆ ವಿಕಾರವಾಗಿ ಕಾಣಬೇಕಿತ್ತು, ಕಾಣುವುದಿಲ್ಲ. ಪ್ರಖರತೆ ಒಂದೇ ಆದ್ದರಿಂದ ಕಣ್ಣು ಒಪ್ಪಿಕೊಳ್ಳುತ್ತದೆ. ಇದನ್ನು ಯಾವ ಕೈಪಿಡಿಯೂ ಕಲಿಸಿರಲಿಲ್ಲ. ಹದಿನೈದು-ಹದಿನಾರರ ಹುಡುಗರು ಟಿವಿಯ ಮುಂದೆ ಕೂತು, ಜಾಯ್‌ಸ್ಟಿಕ್ಕಿನಿಂದ ಒಂದೊಂದೇ ಚುಕ್ಕೆ ಇಡುತ್ತ, ಕಣ್ಣಿನ ಸಾಕ್ಷಿಯಲ್ಲೇ ಕಂಡುಕೊಂಡು ಒಬ್ಬರಿಂದೊಬ್ಬರಿಗೆ ದಾಟಿಸಿದರು. ಅವರ ಚಿತ್ರಗಳು ಫ್ಲಾಪಿಗಳಲ್ಲಿ ಅಂಚೆಯ ಮೂಲಕ ದೇಶದಿಂದ ದೇಶಕ್ಕೆ ಹೋಗುತ್ತಿದ್ದವು. ಚಿತ್ರದ ಜೊತೆ ವಿದ್ಯೆಯೂ ಹೋಯಿತು.

ಎರಡು ಬಣ್ಣ ಬೆರೆಸುವ ಇನ್ನೊಂದು ದಾರಿ ಡಿದರಿಂಗ್. ಚದುರಂಗದ ಹಲಗೆಯಂತೆ ಒಂದು ಬಿಟ್ಟು ಒಂದು ಚುಕ್ಕೆ ಇಟ್ಟರೆ ದೂರದಿಂದ ಎರಡರ ನಡುವಿನ ಮೂರನೆಯ ಬಣ್ಣ ಕಾಣುತ್ತದೆ. ಪ್ರಖರತೆ ದೂರವಿದ್ದ ಬಣ್ಣಗಳಾದರೆ, ಉದಾಹರಣೆಗೆ ಕಪ್ಪು ಮತ್ತು ಹಳದಿ, ಹಲಗೆಯ ವಿನ್ಯಾಸ ಕಣ್ಣಿಗೆ ಚುಚ್ಚುತ್ತದೆ. ಜೋಡಿ ಬಣ್ಣಗಳಾದ ನಡುಬೂದು ಮತ್ತು ತಿಳಿನೀಲಿಯನ್ನು ಹೀಗೆ ನೇಯ್ದರೆ ವಿನ್ಯಾಸ ಮಾಯವಾಗಿ ಹದಿನಾರರಲ್ಲಿ ಇಲ್ಲದ ಹದಿನೇಳನೆಯದೊಂದು ಬಣ್ಣ ಸಿಗುತ್ತದೆ. ಹಳೆಯ ಟ್ಯೂಬ್ ಪರದೆಯೂ ಇದಕ್ಕೆ ಒತ್ತಾಸೆಯಾಗಿತ್ತು. ಅದರಲ್ಲಿ ಚುಕ್ಕೆಯ ಅಂಚು ಕತ್ತರಿಸಿದಷ್ಟು ನಿಖರವಾಗಿರಲಿಲ್ಲ, ಪಕ್ಕದ್ದರೊಳಗೆ ಕೊಂಚ ಹರಡುತ್ತಿತ್ತು. ಅಂದಿನವರು ಆ ಹರಡುವಿಕೆಯನ್ನೂ ಲೆಕ್ಕಕ್ಕೆ ಹಿಡಿದೇ ಬರೆದರು. ಅದೇ ಚಿತ್ರವನ್ನು ಈಗಿನ ಮೊಬೈಲ್ ಪರದೆಯಲ್ಲಿ ಹಿಗ್ಗಿಸಿ ನೋಡಿದವರು ‘ಇಷ್ಟು ಒರಟೇ’ ಎನ್ನುವುದುಂಟು. ಆ ಮಾತು ಚಿತ್ರಕ್ಕೆ ಅನ್ಯಾಯ. ಕೂಟಗಳಿಗೆ ಜನ ಆ ಭಾರದ ಮಾನಿಟರುಗಳನ್ನು ಹೊತ್ತು ತರುವುದು ಹಳೆಯದರ ಮೋಹಕ್ಕಷ್ಟೇ ಅಲ್ಲ. ಚಿತ್ರ ಹುಟ್ಟಿದ ಗಾಜಿನಲ್ಲೇ ಅದನ್ನು ನೋಡಬೇಕೆಂಬ ನ್ಯಾಯವಾದ ಹಟ ಅದು.

ಹೀಗೆ ಮುಗಿದ ಇಡೀ ಚಿತ್ರದ ಫೈಲು, ಕೋಲಾ ಪೇಂಟರ್ ಎಂಬ ಹಳೆಯ ತಂತ್ರಾಂಶದ ಮಾದರಿಯಲ್ಲಿ ಉಳಿಸಿದರೆ, ಸರಿಯಾಗಿ 10,003 ಬೈಟ್. ಚುಕ್ಕೆಗಳಿಗೆ 8,000. ಮನೆಗಳ ಮೂರು ಬಣ್ಣ ನೆನಪಿಡುವುದಕ್ಕೆ 2,000. ಹಿನ್ನೆಲೆ ಬಣ್ಣಕ್ಕೆ 1. ಮೆಮೊರಿಯಲ್ಲಿ ಎಲ್ಲಿ ಕೂರಬೇಕೆಂಬ ವಿಳಾಸಕ್ಕೆ 2. ಈಗಿನ ಫೋನಿನಲ್ಲಿ ತೆಗೆದ ಒಂದೇ ಫೋಟೊದ ಜಾಗದಲ್ಲಿ ಇಂಥವು ನೂರಾರು ಹಿಡಿಸುತ್ತವೆ.

1985ರಲ್ಲಿ ಅಮಿಗಾ ಬಂದ ಮೇಲೆ ಕೈ ಸಡಿಲವಾಯಿತು. 4,096 ಬಣ್ಣಗಳಿಂದ ಬೇಕಾದ 32 ಆರಿಸಿಕೊಳ್ಳಬಹುದು, ಮನೆಗಳ ಕಟ್ಟುಪಾಡಿಲ್ಲ. ಅದೇ ವರ್ಷ ಡ್ಯಾನ್ ಸಿಲ್ವಾ ಬರೆದ, ಎಲೆಕ್ಟ್ರಾನಿಕ್ ಆರ್ಟ್ಸ್ ಹೊರತಂದ ‘ಡಿಲಕ್ಸ್ ಪೇಂಟ್’ ತಂತ್ರಾಂಶ ಒಂದು ತಲೆಮಾರಿಗೇ ಕುಂಚವಾಯಿತು. ಅದರ ಒಂದು ಸೌಲಭ್ಯ ಚಿಕ್ಕದಾದರೂ ಮುಖ್ಯ. ಚಿತ್ರದ ಒಂದು ತುಣುಕನ್ನು ಹಿಗ್ಗಿಸಿ ತಿದ್ದುವಾಗ ಪಕ್ಕದಲ್ಲೇ ಅದರ ನಿಜವಾದ ಅಳತೆಯೂ ಕಾಣುತ್ತಿರುತ್ತದೆ. ಹಿಗ್ಗಿಸಿದ ಕಡೆ ಚುಕ್ಕೆ ಇಡು, ಚಿಕ್ಕದರಲ್ಲಿ ಪರಿಣಾಮ ನೋಡು. ಈಗಿನ ಆಸ್‌ಪ್ರೈಟ್, ಗ್ರಾಫ್‌ಎಕ್ಸ್2 ಮುಂತಾದ ತಂತ್ರಾಂಶಗಳಲ್ಲೂ ಚುಕ್ಕೆ ಚಿತ್ರ ಬರೆಯುವವರು ಇದೇ ಅಭ್ಯಾಸದಲ್ಲಿ ದುಡಿಯುತ್ತಾರೆ.

ಗೆರೆಯ ವಿಷಯ ಹೇಳದಿದ್ದರೆ ಈ ಪರಿಚಯ ಅರ್ಧವೇ ಆದೀತು. ಚುಕ್ಕೆಗಳಲ್ಲಿ ಬಾಗಿದ ಗೆರೆ ಎಂದರೆ ಮೆಟ್ಟಿಲುಗಳ ಸಾಲು. ಮೆಟ್ಟಿಲ ಉದ್ದ ಯಾವ ಕ್ರಮದಲ್ಲಿ ಕಡಿಮೆಯಾಗುತ್ತ ಹೋಗುತ್ತದೆ ಎಂಬುದರ ಮೇಲೆ ಬಾಗು ನಯವೋ ಒರಟೋ ಎಂದು ತೀರ್ಮಾನವಾಗುತ್ತದೆ. ಒಂದು ಕಮಾನನ್ನು ಮೇಲಿನಿಂದ ಇಳಿಸುವಾಗ ಸಾಲುಗಳಲ್ಲಿ 5, 3, 2, 1, 1 ಚುಕ್ಕೆ ಇಟ್ಟರೆ ಕಣ್ಣು ಜಾರಿಕೊಂಡು ಇಳಿಯುತ್ತದೆ. ಅದನ್ನೇ 5, 2, 3, 1, 1 ಮಾಡಿ ನೋಡಿ. ಚುಕ್ಕೆಗಳ ಮೊತ್ತ ಅಷ್ಟೇ, ಕಮಾನಿನ ಎತ್ತರವೂ ಅಷ್ಟೇ, ಆದರೆ ನಡುವೆ ಗಂಟು ಬಿದ್ದಂತೆ ಕಾಣುತ್ತದೆ. ಇಂಥ ಗಂಟುಗಳಿಗೆ ಬಳಗದಲ್ಲಿ ಜ್ಯಾಗೀಸ್ ಎನ್ನುತ್ತಾರೆ. ಅಂಚು ಇನ್ನೂ ನಯವಾಗಬೇಕಾದರೆ ಮೆಟ್ಟಿಲಿನ ಮೂಲೆಯಲ್ಲಿ ಎರಡೂ ಕಡೆಯ ಬಣ್ಣಗಳ ನಡುವಿನ ಬಣ್ಣದ ಒಂದು ಚುಕ್ಕೆ ಇಡುತ್ತಾರೆ. ಇದು ಆಂಟಿ-ಅಲಿಯಾಸಿಂಗ್. ಈಗ ಕಂಪ್ಯೂಟರೇ ತಾನಾಗಿ ಮಾಡುವ ಈ ಕೆಲಸವನ್ನು ಚುಕ್ಕೆ ಕಲಾವಿದರು ಕೈಯಿಂದಲೇ ಮಾಡುತ್ತಾರೆ, ಎಲ್ಲೆಡೆಯೂ ಮಾಡುವುದಿಲ್ಲ. ಎಲ್ಲ ಅಂಚನ್ನೂ ನಯ ಮಾಡಿದರೆ ಚಿತ್ರ ಮಂಕಾಗುತ್ತದೆ. ಕೆನ್ನೆ ನಯವಾಗಲಿ, ಕತ್ತಿಯ ಅಲಗು ಚೂಪಾಗಿಯೇ ಇರಲಿ ಎಂದು ಆಯ್ದುಕೊಳ್ಳುವುದೇ ಕಲೆಗಾರಿಕೆ.

ಹೊಸಬರು ಬೀಳುವ ಗುಂಡಿಗಳಿಗೂ ಇಲ್ಲಿ ಹೆಸರಿದೆ. ಬೆಳಕು ಯಾವ ಕಡೆಯಿಂದ ಬರುತ್ತಿದೆಯೆಂದು ಯೋಚಿಸದೆ, ಅಂಚಿನಲ್ಲಿ ಗಾಢ, ನಡುವೆ ತಿಳಿ ಎಂದು ಸುತ್ತಲೂ ತುಂಬಿದರೆ ಎಲ್ಲ ವಸ್ತುವೂ ಉಬ್ಬಿದ ದಿಂಬಿನಂತೆ ಕಾಣುತ್ತದೆ. ಅದಕ್ಕೆ ಪಿಲ್ಲೊ ಶೇಡಿಂಗ್ ಎಂದೇ ಹೆಸರು. ನೆರಳಿನ ಪದರಗಳ ಅಂಚುಗಳು ಒಂದರ ಪಕ್ಕ ಒಂದು ಸಮನಾಗಿ ಸಾಲುಗಟ್ಟಿದರೆ ಬ್ಯಾಂಡಿಂಗ್. ಹೆಸರಿದ್ದುದರಿಂದ ಅನುಕೂಲವಾಗಿದೆ. ‘ಏನೋ ಸರಿಯಿಲ್ಲ’ ಎನ್ನುವ ಬದಲು ‘ಭುಜದ ಹತ್ತಿರ ಬ್ಯಾಂಡಿಂಗ್ ಆಗಿದೆ, ಎರಡನೆಯ ಪದರವನ್ನು ಒಂದು ಚುಕ್ಕೆ ಒಳಕ್ಕೆ ತಗೊ’ ಎನ್ನಬಹುದು. ಹಿರಿಯರು ಹೊಸಬರ ಚಿತ್ರದ ಮೇಲೇ ಕೈಯಾಡಿಸಿ ತಿದ್ದಿ ಮರಳಿ ಕೊಡುವುದೂ ರೂಢಿ. ಶಾಲೆಯಿಲ್ಲದೆ, ಗುರುವಿಲ್ಲದೆ ಬೆಳೆದ ವಿದ್ಯೆ ಇದೆಂದು ಹೇಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಇಲ್ಲಿ ಗುರುಗಳು ಬೇಕಾದಷ್ಟಿದ್ದಾರೆ, ಅವರಿಗೆ ಪೀಠವಿಲ್ಲ ಅಷ್ಟೆ.

ಹಂತಗಳನ್ನು ತೋರಿಸುವ ಪದ್ಧತಿ ಯಾಕೆ ಬಂತು ಎಂಬ ಕಥೆಗೆ ಈಗ ಬರಬೇಕು. 1990ರ ದಶಕದ ಆರಂಭದಲ್ಲಿ ಡೆಮೊಸೀನಿನ ಚಿತ್ರಗಳಲ್ಲಿ ಖಡ್ಗ ಹಿಡಿದ ವೀರರು, ರೆಕ್ಕೆಯ ಸರ್ಪಗಳು, ಸುಂದರಿಯರು ತುಂಬಿ ತುಳುಕುತ್ತಿದ್ದರು. ಬಹಳಷ್ಟು ಬೋರಿಸ್ ವಲ್ಲೆಹೋ, ಫ್ರಾಂಕ್ ಫ್ರಜೆಟ್ಟಾ ಮುಂತಾದವರ ಪುಸ್ತಕದ ಮುಖಪುಟಗಳನ್ನೂ ಕ್ಯಾಲೆಂಡರ್ ಚಿತ್ರಗಳನ್ನೂ ನೋಡಿಕೊಂಡು ಬರೆದವು. ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಕಣ್ಣಳತೆಯಲ್ಲೇ, ಸೀಮಿತ ಬಣ್ಣಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಅದನ್ನು ಮರಳಿ ಕಟ್ಟುವುದು ವಾರಗಟ್ಟಲೆಯ ಕೆಲಸ. ಅಂದು ಮೆಚ್ಚುಗೆ ಸಿಗುತ್ತಿದ್ದುದು ಆ ಕೈಚಳಕಕ್ಕೆ. ಕಲಿಯುವ ಕೈ ದೊಡ್ಡವರ ಚಿತ್ರ ನಕಲಿಸುವುದರಲ್ಲಿ ತಪ್ಪಿಲ್ಲ, ಎಲ್ಲ ಕಾಲದ ಕಲಾವಿದರೂ ಹಾಗೆಯೇ ಕಲಿತಿದ್ದಾರೆ. ಮೂಲದವರ ಹೆಸರು ಹೇಳದೆ ಸ್ಪರ್ಧೆಗೆ ಒಪ್ಪಿಸಿದ್ದು ಮಾತ್ರ ತಪ್ಪೇ.

ಆಮೇಲೆ ಸ್ಕ್ಯಾನರ್ ಅಗ್ಗವಾಯಿತು. ವಾರಗಟ್ಟಲೆಯ ಕೆಲಸವನ್ನು ಯಂತ್ರ ನಿಮಿಷದಲ್ಲಿ ಮಾಡತೊಡಗಿತು. ಸ್ಕ್ಯಾನ್ ಮಾಡಿ, ಬಣ್ಣ ಕಡಿಮೆ ಮಾಡಿ, ಅಲ್ಲಲ್ಲಿ ತೇಪೆ ಹಾಕಿ ‘ನಾನೇ ಬರೆದೆ’ ಎನ್ನುವವರು ಬಂದರು. ಪರದೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ. ಬಳಗದೊಳಗೆ ದೊಡ್ಡ ಜಗಳವಾಯಿತು. ಮುಗಿದ ಚಿತ್ರವೊಂದನ್ನೇ ನೋಡಿ ಯಾವುದು ಕೈಯದು, ಯಾವುದು ಯಂತ್ರದ್ದು ಎಂದು ಹೇಳುವುದು ಕಷ್ಟವಾಯಿತು. ಆ ಜಗಳದಿಂದ ಹುಟ್ಟಿದ ನಿಯಮ ಬಹಳ ಸರಳ: ಚಿತ್ರದ ಜೊತೆ ಅದು ಬೆಳೆದ ಹಂತಗಳನ್ನೂ ಒಪ್ಪಿಸಿ. ಗೆರೆಯ ಹಂತ ಒಂದು ಫೈಲು, ಬಣ್ಣ ತುಂಬಿದ್ದು ಒಂದು, ನೆರಳು ಅರ್ಧ ಆದದ್ದು ಒಂದು. ಇವಕ್ಕೆ ವರ್ಕ್ ಸ್ಟೇಜ್ ಎನ್ನುತ್ತಾರೆ. ಕೈಯಿಂದ ಬರೆದವರ ಹಂತಗಳಲ್ಲಿ ತಿದ್ದುಪಡಿ ಕಾಣುತ್ತದೆ: ಮೊದಲು ಎಡಕ್ಕಿದ್ದ ಕೈ ಆಮೇಲೆ ಬಲಕ್ಕೆ ಹೋಗಿರುತ್ತದೆ, ಬರೆದ ಒಂದು ಹಕ್ಕಿ ಮುಂದಿನ ಹಂತದಲ್ಲಿ ಇಲ್ಲವಾಗಿರುತ್ತದೆ. ಸ್ಕ್ಯಾನ್ ಮಾಡಿದವರು ಸುಳ್ಳು ಹಂತ ಕಟ್ಟಲು ಹೊರಟರೆ ಮುಗಿದ ಚಿತ್ರವನ್ನು ಅಳಿಸುತ್ತ ಹಿಂದಕ್ಕೆ ಹೋಗಬೇಕು. ಅಂಥ ಹಂತಗಳಲ್ಲಿ ಎಲ್ಲವೂ ಮೊದಲಿನಿಂದಲೇ ಸರಿಯಾದ ಜಾಗದಲ್ಲಿರುತ್ತದೆ. ಸ್ವತಃ ಬರೆದು ಪಳಗಿದ ಕಣ್ಣು ಅದನ್ನು ಹಿಡಿದುಬಿಡುತ್ತದೆ.

ಅನುಮಾನದಿಂದ ಹುಟ್ಟಿದ ನಿಯಮ ಪಾಠಶಾಲೆಯಾದದ್ದು ಈ ಬಳಗದ ಪುಣ್ಯ. ಬೇರೆ ಕಡೆ ಕಲಾವಿದರು ಮುಗಿದ ಚಿತ್ರ ತೋರಿಸಿ ಕರಡನ್ನು ಬಚ್ಚಿಡುತ್ತಾರೆ. ಇಲ್ಲಿ ಕರಡನ್ನೂ ಸಭೆಯ ಮುಂದೆ ಹರಡಬೇಕು. ಅದನ್ನು ನೋಡಿದ ಹೊಸಬರು ಕಲಿಯುವುದು ಎಷ್ಟು! ಈ ಕಲಾವಿದ ಮೊದಲು ಕಣ್ಣು ಬರೆದುಕೊಂಡ, ಆಕೆ ಮೊದಲು ಇಡೀ ಪರದೆಗೆ ಮೂರು ಬೂದು ಬಣ್ಣಗಳಲ್ಲಿ ಬೆಳಕು-ನೆರಳು ಹಂಚಿಕೊಂಡಳು, ಇನ್ನೊಬ್ಬರು ಮನೆಗಳ ಗಡಿಗೆ ಹೊಂದುವಂತೆ ರಚನೆಯನ್ನೇ ಆರಿಸಿಕೊಂಡರು ಎಂದೆಲ್ಲ ಕಣ್ಣಾರೆ ಕಾಣುತ್ತದೆ. ಒಂದು ಪದ ಬರೆದುಕೊಟ್ಟರೆ ಯಂತ್ರವೇ ಚಿತ್ರ ಕಟ್ಟಿಕೊಡುವ ಈ ದಿನಗಳಲ್ಲಿ ಆ ಹಳೆಯ ನಿಯಮದ ಬೆಲೆ ಇನ್ನಷ್ಟು ಹೆಚ್ಚಾಗಿದೆ. ಮುಗಿದ ಚಿತ್ರಕ್ಕಿಂತ ಅದನ್ನು ಬರೆದ ಕೈಯ ತೀರ್ಮಾನಗಳಿಗೆ ಬೆಲೆ ಕಟ್ಟುವುದನ್ನು ಈ ಬಳಗ ಮೂವತ್ತು ವರ್ಷದ ಹಿಂದಿನ ಜಗಳದಲ್ಲೇ ಕಲಿತುಕೊಂಡಿತ್ತು.

ಅಟ್ಲಾಂಟಿಕ್ಕಿನ ಆಚೆ, ಉತ್ತರ ಅಮೆರಿಕದಲ್ಲಿ, ಹವ್ಯಾಸಿಗಳು ಇನ್ನೂ ಬಿಗಿಯಾದ ಜಾಗದಲ್ಲಿ ದುಡಿದರು. ಅಲ್ಲಿ ಚುಕ್ಕೆಯೂ ಇಲ್ಲ, ಅಕ್ಷರಗಳೇ ಬಣ್ಣ. ಪರದೆಯ ಅಗಲಕ್ಕೆ 80 ಅಕ್ಷರ, 16 ಬಣ್ಣ. ತುಂಬಿದ ಚೌಕ, ಅರ್ಧ ಚೌಕ, ಮೂರು ಸಾಂದ್ರತೆಯ ಚುಕ್ಕೆ ಚೌಕ ಎಂಬ ಕೆಲವೇ ಚಿಹ್ನೆಗಳಿಂದ ‘ಆನ್ಸಿ’ ಎಂಬ ಬಗೆಯ ಚಿತ್ರ ಕಟ್ಟಬೇಕು. 1990ರಲ್ಲಿ ಹುಟ್ಟಿದ ‘ಆ್ಯಸಿಡ್’, 1991ರ ‘ಐಸ್’ ಎಂಬ ಗುಂಪುಗಳು ತಮ್ಮ ಸದಸ್ಯರು ಒಪ್ಪಿಸಿದ ಚಿತ್ರಗಳನ್ನು ಆಯ್ದು ಕಟ್ಟು ಮಾಡಿ ಹೊರತರುತ್ತಿದ್ದವು, ತಿಂಗಳ ಪತ್ರಿಕೆಯ ಹಾಗೆ. ಟೆಲಿಫೋನ್ ತಂತಿಯ ಮೇಲೆ ಮೋಡೆಮ್ ಮೂಲಕ ಚಿತ್ರ ಸಾಲುಸಾಲಾಗಿ ಮೇಲಿನಿಂದ ಕೆಳಕ್ಕೆ ಇಳಿಯುವಷ್ಟು ನಿಧಾನ. ನೋಡುವವರಿಗೆ ಮೊದಲು ಕಾಣುವುದು ಕಿರೀಟ, ಆಮೇಲೆ ಹಣೆ, ಆಮೇಲೆ ಕಣ್ಣು ಎಂಬುದು ಬರೆಯುವವರಿಗೆ ಗೊತ್ತಿತ್ತು. ಕಾಯಿಸಿ ತೋರಿಸುವುದೂ ರಚನೆಯ ಭಾಗವೇ ಆಯಿತು.

ಯುರೋಪಿನಲ್ಲಿ ಇದಕ್ಕೆ ಸಮನಾದದ್ದು ಪೆಟ್‌ಸ್ಕಿ. ಕೊಮೊಡೋರಿನ ಕೀಲಿಮಣೆಯಲ್ಲೇ ಅಚ್ಚಾಗಿರುವ ಚಿಹ್ನೆಗಳು: ಹೃದಯ, ಇಸ್ಪೀಟಿನ ಕಲಾವರ, ಮೂಲೆಗೆರೆ, ಕಾಲುವೃತ್ತ. 40 ಅಡ್ಡ, 25 ಉದ್ದ, ಸಾವಿರ ಜಾಗ, ಒಂದೊಂದರಲ್ಲಿ ಒಂದೇ ಚಿಹ್ನೆ. ಟಿವಿಯಲ್ಲಿ ಸುದ್ದಿ ಓದಿಸುತ್ತಿದ್ದ ಟೆಲಿಟೆಕ್ಸ್ಟ್ ಪರದೆಯಲ್ಲೂ ಇಂಥದೇ ಚಿತ್ರಕಲೆ ಬೆಳೆಯಿತು. ಅದಕ್ಕೂ ನಮಗೂ ಒಂದು ನಂಟಿದೆ. ಶಾಲಾ ಮಕ್ಕಳಿಗೆ ಕಂಪ್ಯೂಟರ್ ಕಲಿಸಲು ಭಾರತ ಸರ್ಕಾರ 1984ರಲ್ಲಿ ಆರಂಭಿಸಿದ ‘ಕ್ಲಾಸ್’ ಯೋಜನೆಯಡಿ ಬಂದದ್ದು ಬ್ರಿಟನ್ನಿನ ಬಿಬಿಸಿ ಮೈಕ್ರೊ. ಅದರ ‘ಮೋಡ್ 7’ ವಿಧಾನದ ಪರದೆ ಟೆಲಿಟೆಕ್ಸ್ಟ್ ಪರದೆಯೇ: ಒಂದೊಂದು ಅಕ್ಷರದ ಜಾಗದಲ್ಲಿ ಎರಡಕ್ಕೆ ಮೂರರಂತೆ ಆರು ಚೌಕ. ಆ ದಿನಗಳಲ್ಲಿ ಆ ಯಂತ್ರದ ಮುಂದೆ ಕೂತಿದ್ದವರಿಗೆ ಆ ದಪ್ಪ ಚೌಕಗಳು ನೆನಪಿರಬಹುದು.

ಒಪ್ಪಿಸುವ ವಿಧಾನವೂ ಹೇಳಬೇಕಾದ್ದೇ. ಕೂಟಕ್ಕೆ ಮುಂಚೆ ನಿಯಮ ಪ್ರಕಟವಾಗುತ್ತದೆ: ಯಾವ ಯಂತ್ರ, ಎಷ್ಟು ಅಳತೆ, ಎಷ್ಟು ಬಣ್ಣ. ಚಿತ್ರದ ಫೈಲು, ವರ್ಕ್ ಸ್ಟೇಜುಗಳು, ಜೊತೆಗೆ ಚಿತ್ರದ ಹೆಸರು, ಕಲಾವಿದರ ಅಡ್ಡಹೆಸರು, ಗುಂಪಿನ ಹೆಸರು, ಬಳಸಿದ ತಂತ್ರಾಂಶ. ಈ ಲೋಕದಲ್ಲಿ ಎಲ್ಲರೂ ಅಡ್ಡಹೆಸರಿನವರೇ. ಬೀಗ ಒಡೆಯುತ್ತಿದ್ದ ಕಾಲದ ಮುಚ್ಚುಮರೆ ಈಗ ಪ್ರೀತಿಯ ಸಂಪ್ರದಾಯವಾಗಿ ಉಳಿದಿದೆ. ಕೆಲವು ಕೂಟಗಳು ದೂರದಿಂದ ಕಳಿಸಿದ್ದನ್ನೂ ತೆಗೆದುಕೊಳ್ಳುತ್ತವೆ. ತೀರ್ಪು ಕೊಡುವುದು ಪಂಡಿತರ ಮಂಡಲಿಯಲ್ಲ. ಬಂದು ಕೂತ ಜನರೇ ಮತ ಹಾಕುತ್ತಾರೆ, ಅವರಲ್ಲಿ ಬಹಳ ಮಂದಿ ಸ್ವತಃ ಬರೆಯುವವರೋ ಪ್ರೋಗ್ರಾಂ ಕಟ್ಟುವವರೋ ಆಗಿರುತ್ತಾರೆ. ಬಹುಮಾನದ ಹಣ ಬಹಳ ದೊಡ್ಡದಿರುವುದಿಲ್ಲ. ಮುಗಿದ ಮೇಲೆ ಗೆದ್ದದ್ದು, ಸೋತದ್ದು ಎಲ್ಲವೂ ಎಲ್ಲರಿಗೂ ತೆರೆದ ಸಂಗ್ರಹಗಳಿಗೆ ಸೇರುತ್ತವೆ. ಹತ್ತನೆಯ ಸ್ಥಾನದ ಚಿತ್ರವನ್ನು ಇಪ್ಪತ್ತು ವರ್ಷದ ಮೇಲೆ ಯಾರೋ ತೆರೆದು, ಒಂದೊಂದೇ ಚುಕ್ಕೆ ನೋಡಿ, ಅದರಿಂದ ಒಂದು ಉಪಾಯ ಕಲಿಯಬಹುದು.

ನಮ್ಮಲ್ಲಿ ಚಿತ್ರ ಬರೆಯುವ ಹುಡುಗ ಹುಡುಗಿಯರಿಗೆ ಇದು ದೂರದ ಲೋಕವೆನ್ನಿಸಬೇಕಿಲ್ಲ. ಗ್ರಾಫ್‌ಎಕ್ಸ್2 ಉಚಿತ, ಕೊಮೊಡೋರ್ ಮುಂತಾದ ಯಂತ್ರಗಳ ಕಟ್ಟುಪಾಡನ್ನೇ ಹಾಕಿಕೊಂಡು ಬರೆಸುವ ಮಲ್ಟಿಪೇಂಟ್ ಕೂಡ ಉಚಿತ. ಬೆಂಗಳೂರಿನ ಸಿಟಿ ಬಸ್ಸುಗಳ ಹಣೆಯ ಮೇಲೆ ಬೆಳಗುವ ಎಲ್‌ಇಡಿ ಬೋರ್ಡನ್ನು ಒಮ್ಮೆ ಹತ್ತಿರದಿಂದ ನೋಡಿ. ‘ಬನಶಂಕರಿ’ಯ ‘ಶಂ’ ಎಷ್ಟು ಚುಕ್ಕೆಗಳಲ್ಲಿ ಬಾಗಿದೆ, ‘ಮೆಜೆಸ್ಟಿಕ್’ನಲ್ಲಿ ‘ಸ್ಟಿ’ಯ ಒತ್ತಿಗೆ ಕೆಳಗೆ ಜಾಗ ಸಾಲದೆ ಮೇಲಿನ ಅಕ್ಷರ ಹೇಗೆ ಕುಗ್ಗಿದೆ ಎಂದು ಗಮನಿಸಿ. ಯಾರೋ ಕೂತು ಲೆಕ್ಕ ಹಾಕಿ ಇಟ್ಟ ಚುಕ್ಕೆಗಳವು. ರೋಮನ್ ಲಿಪಿಯ ದೊಡ್ಡಕ್ಷರಗಳಲ್ಲಿ ನೇರ ಗೆರೆಗಳೇ ಬಹಳ, 8 ಚುಕ್ಕೆಯ ಚೌಕದಲ್ಲಿ ಸರಾಗವಾಗಿ ಕೂರುತ್ತವೆ. ಕನ್ನಡದ ಅಕ್ಷರಕ್ಕೆ ತಲೆಕಟ್ಟಿನ ಅಡ್ಡಗೆರೆ ಬಿಟ್ಟರೆ ಹೆಚ್ಚಿನದೆಲ್ಲ ಬಾಗೇ. 16ಕ್ಕೆ 16ರ ಚೌಕದಲ್ಲಿ ಒಂದು ‘ಅ’ ಬರೆಯಲು ಕೂತರೆ ಎರಡು ಹೊಟ್ಟೆಗಳ ಮೆಟ್ಟಿಲ ಕ್ರಮ, ಅವು ಸೇರುವ ಸಂದಿನಲ್ಲಿ ಖಾಲಿ ಬಿಡಬೇಕಾದ ಚುಕ್ಕೆ, ಬಲಗಡೆ ಮೇಲೇರುವ ಬಾಲ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ಎರಡೇ ಬಣ್ಣದಲ್ಲಿ ಆರಂಭಿಸಿ. ಗೆರೆ ಗಂಟಿಲ್ಲದೆ ಬಂದ ಮೇಲೆ ಮೂರನೆಯ ಬಣ್ಣದ ಚುಕ್ಕೆಯನ್ನು ಮೂಲೆಗಳಲ್ಲಿ ಇಟ್ಟು ನೋಡಿ. ಪ್ರತಿ ತಿದ್ದುಪಡಿಗೆ ಮುಂಚೆ ಫೈಲನ್ನು ಬೇರೆ ಹೆಸರಿನಲ್ಲಿ ಒಮ್ಮೆ ಉಳಿಸಿಕೊಳ್ಳಿ, ಯಾಕೆಂದರೆ ದಾಟಿ ಬಂದ ಹಂತವನ್ನು ಆಮೇಲೆ ಮರಳಿ ಕಟ್ಟಲಾಗುವುದಿಲ್ಲ.